ತವರಿನ ಪರದೆ

"ಹೊರಗೆ ಬನ್ನಿ ಅತ್ತಿಗೆ. ವ್ಯಾನ್ ಬರೋ ಹೊತ್ತಾಯ್ತು."

"ನೀನೇ ಒಳಗೆ ಬಾ. ತಲೆ ಮೊದಲು ಹಾಕಬೇಡ, ಕಾಲು ಮೊದಲು ಹಾಕು. ಎಷ್ಟು ಸಲ ಹೇಳ್ಕೊಡೋದು ನಿನಗೆ?"

ಅಷ್ಟರಲ್ಲಿ ಪತ್ತೇದಾರ ತಲೆಯನ್ನೇ ಮೊದಲು ಹಾಕಿಯಾಗಿತ್ತು. ಬಾಗಿಲ ಅಂಚು ಅವನ ಬೋಳುತಲೆಗೆ ತನ್ನ ಅಭಿಪ್ರಾಯವನ್ನು ಠಣ್ಣೆಂದು ತಿಳಿಸಿತು. ಕಳ್ಳರ ಹಿತ್ತಿಲು, ಅಟ್ಟ, ನೆಲಮಾಳಿಗೆಗಳಲ್ಲೆಲ್ಲ ತೂರಿ ನಿವೃತ್ತನಾದ ಮನುಷ್ಯ. ಅತ್ತಿಗೆ ವಿನ್ಯಾಸ ಮಾಡಿದ ಬಾಗಿಲಲ್ಲಿ ಮಾತ್ರ ಇವತ್ತಿಗೂ ಮರ್ಯಾದೆಯಾಗಿ ನುಸುಳಲು ಬಾರದು.

ಒಳಗೆ ಹಳೆಯ ಮರದ ವಾಸನೆ, ಅದಕ್ಕಿಂತ ಹಳೆಯ ಅಂಟಿನ ವಾಸನೆ. ಮೂರು ಸೀಟುಗಳಲ್ಲಿ ನಡುವಿನದರ ಮೇಲೆ ಅತ್ತಿಗೆ ಕಾಲು ಮಡಚಿ ಒರಗಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕ ಮೂಗಿನ ತುದಿಗಿತ್ತು. ಕಿಟಕಿಯನ್ನೇ ನೋಡುತ್ತಿದ್ದರು. ಕಿಟಕಿಯ ಆಚೆ ನಕ್ಷತ್ರಗಳೇನೂ ಇರಲಿಲ್ಲ, ಮ್ಯೂಸಿಯಮ್ಮಿನ ಟ್ಯೂಬ್‌ಲೈಟಿತ್ತು.

ಇದು ಹಾರಿದ ಗಗನನೌಕೆಯಲ್ಲ, ಹಾರಿದ ನೌಕೆಯ ಅಕ್ಕ. ಮೊದಲು ಹುಟ್ಟಿ, ಎಲ್ಲ ಪೆಟ್ಟನ್ನೂ ತಾನು ತಿಂದು, ಹೆಸರನ್ನು ತಂಗಿಗೆ ಬಿಟ್ಟುಕೊಟ್ಟ ಪೂರ್ತಿ ಅಳತೆಯ ಮರದ ಮಾದರಿ. ನಿನ್ನೆ ಬೆಳಿಗ್ಗೆ ಇದರೊಳಗೆ ಅತ್ತಿಗೆಯ ಹಳೆಯ ಸಹೋದ್ಯೋಗಿ 'ತಕ್ಕಡಿ' ತಲೆಯೊಡೆದು ಬಿದ್ದಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಆ ಚಿಲಕದ ಗುಟ್ಟು ಬಲ್ಲವರು ಬದುಕಿರುವವರಲ್ಲಿ ಇಬ್ಬರೇ. ಒಬ್ಬರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಇನ್ನೊಬ್ಬರು ಇಲ್ಲಿ ಟ್ಯೂಬ್‌ಲೈಟು ನೋಡುತ್ತಿದ್ದರು.

"ಸರ್," ಎಂದ ಇನ್ಸ್‌ಪೆಕ್ಟರ್ ಹೊರಗಿನಿಂದ. ಒಂದು ಕಾಲದಲ್ಲಿ ಪತ್ತೇದಾರನ ಕೈಕೆಳಗೆ ಪಳಗಿದವನು, ಅದಕ್ಕೇ ದನಿಯಲ್ಲಿ ಸಂಕೋಚ. "ನಿಮ್ಮ ಮುಖ ನೋಡಿ ಬಿಟ್ಟಿದೀನಿ. ವ್ಯಾನ್ ಬಂದಮೇಲೆ ನನ್ನ ಕೈಲಿ ಏನೂ ಇಲ್ಲ."

"ಗೊತ್ತಪ್ಪ."

"ಅಮ್ಮಾವರು ಎಲ್ಲರ ಎದುರಿಗೇ ಹೇಳಿದಾರೆ ಸರ್. 'ನಿನ್ನ ತಲೆ ಒಡೀತೀನಿ' ಅಂತ. ನಾಲ್ಕು ಜನ ಕೇಳಿಸ್ಕೊಂಡಿದಾರೆ."

ಒಳಗಿನಿಂದ ಅತ್ತಿಗೆ ದನಿಯೆತ್ತಿದರು. "ಏನಪ್ಪಾ ಇನ್ಸ್‌ಪೆಕ್ಟರೇ, ಆ ಮಾತು ನಾನು ಅವನಿಗೆ ಕೆಲಸಕ್ಕೆ ಸೇರಿದ ದಿನದಿಂದ ಹೇಳ್ತಿದೀನಿ. ಅದು ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ."

ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡನೋ ಏನೋ, ಪೆನ್ನಿನ ಸದ್ದು ಕೇಳಿಸಿತು.

ಪತ್ತೇದಾರ ಪಕ್ಕದ ಸೀಟಿಗೆ ಹೇಗೋ ಒರಗಿಕೊಂಡ. ಮೊಣಕಾಲು ಎಲ್ಲಿಡುವುದೆಂದು ಯೋಚಿಸುವ ಮೊದಲೇ ಅದು ತಾನಾಗಿ ಜಾಗ ಹುಡುಕಿಕೊಂಡಿತು. ಸೀಟಿನ ಮುಂದೆ ಗೋಡೆ ಅಷ್ಟೇ ಅಷ್ಟು ಒಳಕ್ಕೆ ಸರಿದಿತ್ತು.

"ಬಂತಾ?" ಎಂದರು ಅತ್ತಿಗೆ.

"ಏನು?"

"ಮೊಣಕಾಲು."

"ಬಂತು."

"ಅದೊಂದು ಗುಳಿಯಿಂದಲೇ ನನಗೆ ಕೆಲಸ ಸಿಕ್ಕಿದ್ದು."

ಆ ಕತೆ ಅವನಿಗೆ ಬಾಯಿಪಾಠ. ಆದರೂ ಸುಮ್ಮನಿದ್ದ. ವಿಚಾರಣೆಯಲ್ಲಿ ಸುಮ್ಮನಿರುವುದು ಒಂದು ವಿದ್ಯೆ. ಅತ್ತಿಗೆಯ ಎದುರು ಮಾತ್ರ ಅದು ವಿದ್ಯೆಯಲ್ಲ, ಬೇರೆ ದಾರಿಯಿಲ್ಲದಿರುವಿಕೆ.

ಅತ್ತಿಗೆಗೆ ಆಗ ಹಡಗುಗಳ ಮಲಗುವ ಕೋಣೆ, ಆಸ್ಪತ್ರೆಯ ವಾರ್ಡು, ಇಂಥ ಇಕ್ಕಟ್ಟಿನ ಜಾಗಗಳ ನಕ್ಷೆ ಬರೆಯುವ ಕೆಲಸ. ಗಗನಯಾನದ ಕಚೇರಿಯವರು 'ಆರ್ಕಿಟೆಕ್ಟ್ ಬೇಕಾಗಿದ್ದಾರೆ' ಎಂದು ಕರೆದದ್ದು ನಿಜ. ಆದರೆ ಅವರಿಗೆ ಬೇಕಿದ್ದದ್ದು ಕ್ಯಾಂಟೀನ್ ಕಟ್ಟುವವರು. ಸಂದರ್ಶನಕ್ಕೆ ಕಾದು ಕೂತಿದ್ದಾಗ ವರಾಂಡದಲ್ಲಿ ಯಾರೋ ಕ್ಯಾಬಿನ್ನಿನ ಹಲಗೆಯ ಮಾದರಿ ತಂದಿಟ್ಟಿದ್ದರು. ಮೂರು ಸೀಟು, ನೂರಾರು ಗುಂಡಿ. ಅತ್ತಿಗೆ ಅದರ ಸುತ್ತ ಒಂದು ಸುತ್ತು ಬಂದು, ಅದನ್ನು ಹೊತ್ತು ತಂದ ಎಂಜಿನಿಯರನ್ನು ಕೇಳಿದ್ದರು: "ಇದರಲ್ಲಿ ಕೂತವನು ಮೊಣಕಾಲು ಎಲ್ಲಿಡ್ತಾನೆ?"

ಎಂಜಿನಿಯರ್ ಕಾಗದ ನೋಡಿದ. ಇನ್ನೊಬ್ಬ ಎಂಜಿನಿಯರನ್ನು ಕರೆದ. ಇಬ್ಬರೂ ಸೇರಿ ಮೂರನೆಯವನನ್ನು ಕರೆದರು. ಅವರ ಪಾಲಿಗೆ ಅಲ್ಲಿ ಕೂರುವುದು ಮನುಷ್ಯನಲ್ಲ, ಇಷ್ಟು ಕಿಲೋ ತೂಕ, ತೂಕಕ್ಕೆ ಮೊಣಕಾಲಿರುವುದಿಲ್ಲ.

ಕ್ಯಾಂಟೀನನ್ನು ಬೇರೆ ಯಾರೋ ಕಟ್ಟಿದರು. ಅತ್ತಿಗೆಯ ಪ್ರಕಾರ ಕೆಟ್ಟದಾಗಿ ಕಟ್ಟಿದರು.

"ಆ ಮೂರನೆಯವನೇ ತಕ್ಕಡಿ," ಎಂದರು ಅತ್ತಿಗೆ. ದನಿ ಸ್ವಲ್ಪ ಸಣ್ಣದಾಯಿತು. "ಬಂದವನೇ ಕೇಳಿದ್ದೇನು ಗೊತ್ತಾ? 'ಮೊಣಕಾಲು ತೆಗೆದರೆ ಎಷ್ಟು ಗ್ರಾಂ ಉಳಿಯುತ್ತೆ?' ಅಂತ. ಜೋಕು ಅಂದ್ಕೊಂಡೆ. ಅವನು ನಿಜವಾಗಲೂ ಲೆಕ್ಕ ಹಾಕ್ತಿದ್ದ."

ನೌಕೆಯ ತೂಕ ಕಾಯುವುದು ತಕ್ಕಡಿಯ ಕೆಲಸವಾಗಿತ್ತು. ಒಂದು ಗುಂಡಿ ಹೊಲಿಯಬೇಕಾದರೂ ಅವರ ಮುಂದೆ ಕೈಯೊಡ್ಡಬೇಕು. ಕಿಟಕಿಗಾಗಿ ಅತ್ತಿಗೆ ಅವರ ಜೊತೆ ಒಂದಿಡೀ ಚಳಿಗಾಲ ಜಗಳವಾಡಿದ್ದರು. ಗಾಜು ಭಾರ, ಅದರ ಚೌಕಟ್ಟು ಇನ್ನೂ ಭಾರ. ಹೊರಗೆ ನೋಡಲು ಕ್ಯಾಮೆರಾ ಇದೆಯಲ್ಲ ಎಂದಿದ್ದರು ತಕ್ಕಡಿ. "ಕಿಟಕಿ ಬದಲು ಟೀವಿ ಇಟ್ಟರೆ ಅದು ಮನೆಯಲ್ಲ ಕಣಯ್ಯಾ, ಟೀವಿ ಅಂಗಡಿ," ಎಂದಿದ್ದರು ಅತ್ತಿಗೆ. ಕೊನೆಗೆ ಕಿಟಕಿ ಗೆದ್ದಿತು. ನೌಕೆ ಹಾರಿ, ಇಳಿದು, ಹೋಗಿಬಂದವರು ಎಲ್ಲ ಸಭೆಯಲ್ಲೂ ಮಾತಾಡಿದ್ದು ಆ ಕಿಟಕಿಯನ್ನು ಕುರಿತೇ. ಗುಂಡಿಗಳ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಈಗ ಮ್ಯೂಸಿಯಮ್ಮಿನ ಹೊಸ ಫಲಕದಲ್ಲಿ 'ಕಿಟಕಿಯನ್ನು ರೂಪಿಸಿದ್ದು: ತಂಡ' ಎಂದು ಕೆತ್ತಿಸಿದ್ದರು. ತಲೆಯೊಡೆಯುವ ಮಾತು ಬಂದದ್ದು ಆ ಫಲಕದ ಮುಂದೆ.

"ಅತ್ತಿಗೆ, ಹಳೇದು ಸಾಕು. ನಿನ್ನೆ ಬೆಳಿಗ್ಗೆದು ಹೇಳಿ."

"ಪೊಲೀಸರಿಗೆ ಹೇಳಿದೀನಲ್ಲ."

"ಪೊಲೀಸರಿಗೆ ಹೇಳದೇ ಇರೋದು ಹೇಳಿ."

ಅತ್ತಿಗೆ ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸತೊಡಗಿದರು. ಗಾಜು ಮೊದಲೇ ಶುಭ್ರವಾಗಿತ್ತು. ಪತ್ತೇದಾರ ಅವರನ್ನು ಶಾಲಾ ದಿನಗಳಿಂದ ಬಲ್ಲ. ಅಣ್ಣನ ಮನೆಯಲ್ಲಿದ್ದು ಓದಿದವನು, ಅತ್ತಿಗೆಯ ಕೈಯಲ್ಲಿ ಬೈಸಿಕೊಂಡು ಮೀಸೆ ಬಂದವನು. ಅವರು ಶುಭ್ರವಾದದ್ದನ್ನು ಒರೆಸಿದರೆ ಏನೋ ಅಡಗಿಸುತ್ತಿದ್ದಾರೆಂದೇ ಅರ್ಥ.

"ತಕ್ಕಡಿ ಫೋನ್ ಮಾಡಿದ್ದ," ಎಂದರು. "'ಬೆಳಿಗ್ಗೆ ಬಾ, ಒಂದು ಖುಷಿ ವಿಷಯ ಇದೆ' ಅಂದ. ಬಂದೆ. ಕಾವಲುಗಾರ ಬಾಗಿಲು ಬರ್ತಿಲ್ಲ ಅಂತ ಒದ್ದಾಡ್ತಿದ್ದ. ಇವರೆಲ್ಲ ಇದನ್ನ ಹಗ್ಗದಲ್ಲಿ ಕಟ್ಟಿಡ್ತಾರೆ, ಚಿಲಕ ಹಾಕೋಕೆ ಯಾರಿಗೂ ಬರಲ್ಲ. ಒಳಗೆ ಅದುಮಿ ಎಡಕ್ಕೆ ತಿರುಗಿಸಬೇಕು, ದಪ್ಪ ಕೈಗವಸು ಹಾಕಿದವನಿಗೂ ಆಗಲಿ ಅಂತ ಮಾಡಿದ್ದು. ಚಿಲಕ ಬಿದ್ದಿತ್ತು. ತೆಗೆದೆ. ಅವನು ಅಲ್ಲಿ ಬಿದ್ದಿದ್ದ."

"ಒಳಗಿಂದ ಯಾರಾದ್ರೂ ಹಾಕ್ಕೋಬಹುದಾ?"

"ಒಳಗಿನ ಹಿಡಿ ಬರೀ ಮರದ ತುಂಡು, ಬಣ್ಣ ಬಳಿದಿದ್ದು. ನಿಜವಾದದ್ದು ಮಾಡಿಸೋಕೆ ಆಗಲಿಲ್ಲ."

"ತಲೆಗೆ ಯಾರೋ ಬಟ್ಟೆ ಕಟ್ಟಿದ್ರು."

"ಹೂಂ. ಚೆನ್ನಾಗಿ ಕಟ್ಟಿದ್ರು."

ಆ ಬಟ್ಟೆಯೇ ಇನ್ಸ್‌ಪೆಕ್ಟರನ ಹೆಮ್ಮೆಯ ಸಾಕ್ಷಿ. ಬೂದು ಬಣ್ಣದ ನುಣುಪು ಪಟ್ಟಿ, ಒಂದು ಅಂಚಿಗೆ ಜೋಡಿ ಹೊಲಿಗೆ. ಹೆಂಗಸರ ಕೈಚೀಲದ ಒಳಬಟ್ಟೆ ಎಂದು ಅವನ ತೀರ್ಮಾನ. ಹೊಡೆದು ಆಮೇಲೆ ಕಟ್ಟು ಕಟ್ಟುವುದು ಹೆಂಗಸರ ಬುದ್ಧಿಯಂತೆ. ಅವನ ಹೆಂಡತಿಯನ್ನು ಒಮ್ಮೆ ಕಂಡು ಮಾತಾಡಿಸಬೇಕೆಂದು ಪತ್ತೇದಾರನಿಗೆ ಅನ್ನಿಸಿತ್ತು.

ಹೊಡೆದವನು ಹೊರಗೆ ಹೋಗಿ ಚಿಲಕ ಹಾಕಿದ. ಹಾಗಾದರೆ ಕಟ್ಟು ಕಟ್ಟಿದವರು?

ಅವನ ಕಣ್ಣು ಕ್ಯಾಬಿನ್ನಿನ ಹಿಂಬದಿಗೆ ಹೋಯಿತು. ಸೀಟುಗಳ ಬೆನ್ನಿಗೆ ಒಂದು ಮೂಲೆ, ಮೂಲೆಗೆ ಮಾಸಿದ ನೀಲಿ ಪರದೆ. ಒಬ್ಬರು ನಿಲ್ಲಬಹುದಾದಷ್ಟೇ ಜಾಗ. ನಕ್ಷೆಯಲ್ಲಿ ಅದಕ್ಕೆ 'ಹೆಚ್ಚುವರಿ ಸಾಮಾನು ಕೋಣೆ' ಎಂದು ಹೆಸರು.

"ತವರು," ಎಂದ ಪತ್ತೇದಾರ ಮೆಲ್ಲಗೆ.

ಅತ್ತಿಗೆಯ ಕೈ ಕನ್ನಡಕದ ಮೇಲೆ ನಿಂತಿತು.

ಆ ಹೆಸರು ಹುಟ್ಟಿದಾಗ ಅವನು ಅಲ್ಲೇ ಇದ್ದ. ಒಂದು ರಜೆಯಲ್ಲಿ ಅತ್ತಿಗೆ ಮನೆಯ ನಡುಕೋಣೆಯ ನೆಲಕ್ಕೆ ಬಿಳಿ ಟೇಪು ಅಂಟಿಸಿ, ಕ್ಯಾಬಿನ್ನಿನಷ್ಟೇ ಜಾಗ ಗುರುತು ಮಾಡಿ, ಗಂಡ, ಮೈದುನ, ತಾವು ಮೂವರೂ ಒಂದು ವಾರ ಆ ಗೆರೆ ದಾಟಬಾರದೆಂದು ಫರ್ಮಾನು ಹೊರಡಿಸಿದ್ದರು. ಊಟ, ನಿದ್ದೆ, ಓದು ಎಲ್ಲ ಒಳಗೇ. ಅಣ್ಣ ಹಲ್ಲಿನ ಡಾಕ್ಟರು, ಎಲ್ಲಿಗೆ ಕಾಲಿಟ್ಟರೂ ಮೊದಲು ಅಲ್ಲಿನ ಗಾಜನ್ನು ಮೂಲೆಮೂಲೆ ಬಿಡದೆ ಒರೆಸುವ ಚಾಳಿಯವನು. "ದಿನವಿಡೀ ಊರವರ ಬಾಯಲ್ಲಿ ಕೈಯಿಟ್ಟು ಸಾಯ್ತೀನಿ, ರಜ ಹಾಕಿ ಮನೇಲಿದ್ದರೆ ಇಲ್ಲೊಂದು ದೊಡ್ಡ ಬಾಯಿ," ಎಂದು ಗೊಣಗುತ್ತಲೇ ಟೇಪಿನೊಳಗೆ ಚಕ್ಕಳಮಕ್ಕಳ ಹಾಕಿದ್ದ.

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಗಂಡಹೆಂಡಿರಿಗೆ ಜಗಳ ಹತ್ತಿತು. ಯಾವುದಕ್ಕೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ಮುನಿಸು ಬಂದರೆ ಎದ್ದು ಹೋಗಲು ಇನ್ನೊಂದು ಕೋಣೆಯಿಲ್ಲ. ಮುಖ ತಿರುಗಿಸಿದರೆ ಮೈದುನನ ಮುಖ. ಅತ್ತಿಗೆ ಎದ್ದು, ಟೇಪಿನ ಮೂಲೆಯಲ್ಲಿ ಒಂದು ಹೊದಿಕೆ ಇಳಿಬಿಟ್ಟು, ಅದರ ಹಿಂದೆ ಹೋಗಿ ನಿಂತುಬಿಟ್ಟರು. ಕೆಳಗೆ ಪಾದ ಮಾತ್ರ ಕಾಣುತ್ತಿತ್ತು.

"ಎಲ್ಲಿಗೇ ಹೋದೆ?" ಎಂದ ಅಣ್ಣ, ಒಂದು ಗೇಣು ದೂರದಿಂದ.

"ತವರಿಗೆ," ಎಂದಿತು ಹೊದಿಕೆ.

ಅಣ್ಣ ಮೊದಲು ನಕ್ಕ. ಆಮೇಲೆ ಒಳಗಿನಿಂದ ಮೂಗೆಳೆಯುವ ಸದ್ದು ಕೇಳಿ ಸುಮ್ಮನಾದ. ತುಂಬ ಹೊತ್ತಿನ ಮೇಲೆ ಹೊರಬಂದ ಅತ್ತಿಗೆ ನೇರ ಹೋಗಿ ನಕ್ಷೆಗೆ ಒಂದು ಮೂಲೆ ಸೇರಿಸಿದರು. ನೆಲ ಬಿಟ್ಟು ಅಷ್ಟು ದೂರ ಹೋಗುವ ಮನುಷ್ಯನಿಗೆ ಮುನಿಸಿಕೊಂಡು ಹೋಗಲು ಒಂದು ಜಾಗ ಬೇಕು, ಇಲ್ಲದಿದ್ದರೆ ಅದು ಮನೆಯಾಗುವುದಿಲ್ಲ, ಎಂದು ಅವರ ವಾದ. ಮಾದರಿ ತಯಾರಾಗಿ ಅಣ್ಣನೂ ಅಲ್ಲಿಗೆ ಓಡಾಡತೊಡಗಿದಮೇಲೆ ಅದಕ್ಕೊಂದು ನಿಯಮವೂ ಹುಟ್ಟಿತು. ತವರಿನ ಪರದೆ ಎಳೆದಿದ್ದರೆ ಯಾರೂ ತೆಗೆಯಬಾರದು. ಒಳಗಿದ್ದವರು ಯಾರೆಂದು ಕೇಳಬಾರದು. ಹೊರಬಂದಮೇಲೆ ಅದರ ಮಾತೆತ್ತಬಾರದು.

ಹಾರಿದ ನೌಕೆಯಲ್ಲಿ ತವರು ಇರಲಿಲ್ಲ. ತಕ್ಕಡಿ ಕತ್ತರಿಸಿದ್ದರು. "ಅಳೋದಕ್ಕೆ ಅಷ್ಟು ಗ್ರಾಂ ಕೊಡೋಕಾಗಲ್ಲ ಮೇಡಂ," ಎಂದಿದ್ದರು. ಅದು ಕೈಬಿಟ್ಟು ಹೋದ ದಿನ ಸಂಜೆ ಮಾದರಿಯೊಳಗೆ ತವರಿನ ಪರದೆ ಎಳೆದಿತ್ತು, ಕೆಳಗೆ ತಕ್ಕಡಿಯ ಕಂದು ಶೂಗಳು ಕಾಣುತ್ತಿದ್ದವು. ಯಾರೂ ಕೇಳಲಿಲ್ಲ.

"ಅತ್ತಿಗೆ," ಎಂದ ಪತ್ತೇದಾರ. "ನಿನ್ನೆ ಬೆಳಿಗ್ಗೆ ಆ ಪರದೆ ಹೇಗಿತ್ತು?"

"ಎಳೆದಿತ್ತು."

"ತೆಗೆದು ನೋಡಿದ್ರಾ?"

"ಎಳೆದ ಪರದೆ ಯಾರಾದ್ರೂ ತೆಗೀತಾರೇನೋ?"

ಪತ್ತೇದಾರ ಕಣ್ಣು ಮುಚ್ಚಿ ಉಸಿರು ಬಿಟ್ಟ. "ಪಕ್ಕದಲ್ಲಿ ತಲೆಯೊಡೆದ ಮನುಷ್ಯ ಬಿದ್ದಿದಾನೆ! ಪರದೆ ಹಿಂದೆ ಯಾರೋ ಇದಾರೆ! ತೆಗೀಲಿಲ್ಲವಾ?"

"ಶೂ ಕಾಣ್ತಿತ್ತು. ಒಳಗೆ ಯಾರೋ ಮೂಗೆಳೀತಿದ್ರು. ಹೊಡೆದವನು ಅಲ್ಲೇ ನಿಂತು ಬೆಳಗಾಗೋವರೆಗೂ ಅಳ್ತಾನೇನೋ, ಪೆದ್ದೇ? ಕಾವಲುಗಾರ ಆಂಬುಲೆನ್ಸಿಗೆ ಫೋನ್ ಮಾಡೋಕೆ ಓಡಿದ. ನಾನು ನೀರು ತರೋಕೆ ಹೋದೆ. ಸ್ವಲ್ಪ ನಿಧಾನವಾಗೇ ಹೋದೆ."

"ಬೇಕಂತಲೇ."

"ವಾಪಸ್ ಬಂದಾಗ ಪರದೆ ತೆರೆದಿತ್ತು."

"ಅದನ್ನ ಪೊಲೀಸರಿಗೆ ಹೇಳಿದ್ದರೆ ಈ ವ್ಯಾನೇ ಬರ್ತಿರಲಿಲ್ಲ!"

"ಪರದೆ ಹಿಂದಿನ ಮಾತು ಹೊರಗೆ ಆಡಬಾರದು ಕಣೋ. ನಿಯಮ ಮಾಡಿದವಳು ನಾನು. ನಾನೇ ಮುರಿಯೋದಾ? ನಿನಗೂ ಹೇಳಬಾರದಿತ್ತು. ಮನೆಯವನು ಅಂತ ಹೇಳಿದೆ."

ಲೋಕದಲ್ಲಿ ಸಾಕ್ಷಿ ನಾಶಮಾಡಲು ಜನ ಬೆಂಕಿ ಹಚ್ಚುತ್ತಾರೆ, ಬಾವಿಗೆ ಎಸೆಯುತ್ತಾರೆ, ದುಡ್ಡು ಕೊಡುತ್ತಾರೆ. ಸಭ್ಯತೆಯಿಂದ ನಾಶಮಾಡಿದವರನ್ನು ಪತ್ತೇದಾರ ಇದೇ ಮೊದಲು ನೋಡಿದ್ದು. ಅವನು ಕಾಲು ಮೊದಲು ಹಾಕಿ ಹೊರಗಿಳಿದ. ಈ ಸಲ ತಲೆಗೆ ಏನೂ ತಗಲಲಿಲ್ಲ.

*

ಮ್ಯೂಸಿಯಮ್ಮಿನ ಹಾಲ್‌ನ ಫ್ಯಾನುಗಳನ್ನು ನಿಲ್ಲಿಸಿದ್ದರು. ಬೆರಳಚ್ಚಿನವರ ಪುಡಿ ಹಾರಬಾರದೆಂದು. ಇನ್ಸ್‌ಪೆಕ್ಟರ್ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ, ಕಾವಲುಗಾರ ಅಂಗಿಯ ಎರಡು ಗುಂಡಿ ಬಿಚ್ಚಿದ್ದ. ಫಲಕದ ಪಕ್ಕದಲ್ಲಿ ನಿಂತ ಮ್ಯೂಸಿಯಮ್ಮಿನ ಕ್ಯುರೇಟರ್ ಮಾತ್ರ ಬೂದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

ಸಣ್ಣ ವಯಸ್ಸಿನ, ನೀಟಾದ ಮನುಷ್ಯ. ಬಾಯಿ ತೆರೆದರೆ ಗೋಡೆಯ ಮೇಲಿನ ಫಲಕ ಓದಿದಂತಿರುತ್ತಿತ್ತು.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?" ಎಂದ ಪತ್ತೇದಾರ.

"ನನ್ನ ಕಚೇರಿಯಲ್ಲಿ. ಗದ್ದಲ ಕೇಳಿ ಬಂದೆ. ಈ ಮಾದರಿಯ ಪ್ರವೇಶದ್ವಾರದಿಂದ ಇಣುಕಿದೆ, ಅಷ್ಟೆ. ಒಳಗೆ ಪ್ರವೇಶಿಸಲಿಲ್ಲ."

"ಏನು ಕಾಣಿಸ್ತು?"

"ಅವರು ಸೀಟಿನ ಪಕ್ಕ ಬಿದ್ದಿದ್ದರು. ತಲೆಗೆ ಬಟ್ಟೆ ಇತ್ತು. ಬೇರೆ ಯಾರೂ ಇರಲಿಲ್ಲ."

"ಚೆನ್ನಾಗಿ ನೋಡಿದ್ರಾ?"

"ಯಾರೂ ಇರಲಿಲ್ಲ ಸರ್. ತವರಿನ ಪರದೆ ಕೂಡ ತೆರೆದೇ ಇತ್ತು."

ಇನ್ಸ್‌ಪೆಕ್ಟರ್ ಗಾಳಿ ಹಾಕಿಕೊಳ್ಳುತ್ತಲೇ ಇದ್ದ. ಅವನಿಗೆ ಏನೂ ಅನ್ನಿಸಲಿಲ್ಲ. ಪತ್ತೇದಾರನಿಗೆ ಮಾತ್ರ ಹಳೆಯ ಮನೆಯ ನೆಲದ ಬಿಳಿ ಟೇಪು ಕಣ್ಣಮುಂದೆ ಬಂತು.

"ಯಾವ ಪರದೆ ಅಂದ್ರಿ?"

"ಹೆಚ್ಚುವರಿ... ಹೆಚ್ಚುವರಿ ಸಾಮಾನು ಕೋಣೆಯ ಪರದೆ."

"ಮೊದಲು ಬೇರೆ ಏನೋ ಅಂದ್ರಿ."

ಕ್ಯುರೇಟರ್ ನಾಲಿಗೆಯಿಂದ ತುಟಿ ಸವರಿದ.

"ನಿಮ್ಮ ಕೋಣೆಯ ಗೋಡೆ ಮೇಲೆ ಈ ಮಾದರಿಯ ನಕ್ಷೆ ಇದೆ, ನಾನು ನೋಡಿದೆ," ಎಂದ ಪತ್ತೇದಾರ. "ಅದರಲ್ಲಿ ಆ ಹೆಸರಿಲ್ಲ. ಎಲ್ಲೂ ಇಲ್ಲ. ಅದು ಹತ್ತಾರು ಜನರ ಬಾಯಲ್ಲಿ ಮಾತ್ರ ಇತ್ತು, ಎಲ್ಲರೂ ಹೋದರು, ಇಬ್ಬರು ಉಳಿದರು. ಇನ್ನೊಂದು ವಿಷಯ. ಈ ಬಾಗಿಲಿಂದ ಇಣುಕಿ ನೋಡಿ ಬನ್ನಿ. ಸೀಟಿನ ಬೆನ್ನು ಅಡ್ಡ ಇದೆ. ಆ ಪರದೆ ಕಾಣಲ್ಲ."

"ನನಗೆ ನೆನಪಿಲ್ಲ ಸರ್. ಗಾಬರಿಯಲ್ಲಿ..."

"ಕೋಟು ಬಿಚ್ಚಿ."

"ಪರವಾಗಿಲ್ಲ."

"ನಿಮಗೆ ಪರವಾಗಿಲ್ಲ, ನೋಡೋಕೆ ನನಗೆ ಸೆಖೆಯಾಗ್ತಿದೆ. ಬಿಚ್ಚಿ."

ಅವನು ಬಿಚ್ಚಲಿಲ್ಲ. ಇನ್ಸ್‌ಪೆಕ್ಟರ್ ಟೋಪಿ ಆಡಿಸುವುದನ್ನು ನಿಲ್ಲಿಸಿದ. ಒಂದು ಹೆಜ್ಜೆ ಮುಂದೆ ಬಂದ. ಕ್ಯುರೇಟರ್ ಒಂದೊಂದೇ ಗುಂಡಿ ಕಳಚಿದ. ಕೋಟಿನ ಎಡಮಗ್ಗುಲಿನ ಒಳಬಟ್ಟೆ ಜೇಬಿನವರೆಗೂ ಹರಿದು ಹೋಗಿತ್ತು. ಬೂದು ಬಣ್ಣ. ಜೋಡಿ ಹೊಲಿಗೆ.

"ಕೈಚೀಲ ಸಿಕ್ತಪ್ಪ," ಎಂದ ಪತ್ತೇದಾರ ಇನ್ಸ್‌ಪೆಕ್ಟರಿಗೆ.

"ಹಿಡ್ಕೊಳ್ಲಾ ಸರ್?"

"ತಡಿ. ಇವನು ಕಟ್ಟಿದವನು, ಹೊಡೆದವನಲ್ಲ. ಚಿಲಕ ಹೊರಗಿಂದ ಬಿತ್ತು, ಇವನು ಒಳಗಿದ್ದ." ಕ್ಯುರೇಟರನ ಕಡೆ ತಿರುಗಿದ. "ಇಡೀ ರಾತ್ರಿ ಆ ಮನುಷ್ಯನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದಿ. ಬೆಳಿಗ್ಗೆ ಬಾಗಿಲು ತೆರೆದಾಗ ಹೇಳೋ ಬದಲು ಪರದೆ ಹಿಂದೆ ಹೋದಿ. ನಿನ್ನೆಯಿಂದ ಒಬ್ಬ ವಯಸ್ಸಾದ ಹೆಂಗಸನ್ನ ಜೈಲಿಗೆ ಕಳಿಸೋಕೆ ಬಿಟ್ಟು, ಕೋಟಿನ ಗುಂಡಿ ಹಾಕ್ಕೊಂಡು ನಿಂತಿದೀಯ. ಯಾಕೆ?"

ಕ್ಯುರೇಟರ್ ನೆಲಕ್ಕೆ ಕೂತುಬಿಟ್ಟ. ಈಗ ಬಂದ ಮಾತಿನಲ್ಲಿ ಫಲಕದ ಕೆತ್ತನೆ ಇರಲಿಲ್ಲ.

"ಯಾರು ನಂಬ್ತಾರೆ ಸರ್? ಒಳಗೆ ನಾವಿಬ್ಬರೇ. ಒಬ್ಬರ ತಲೆ ಒಡೆದಿದೆ. ಇನ್ನೊಬ್ಬ ನಾನು. ಕೂಗಿದೆ ಸರ್, ಗಂಟಲು ಹರಿದುಹೋಗೋ ಹಾಗೆ ಕೂಗಿದೆ. ಗೋಡೆಗೆಲ್ಲ ಮೆತ್ತೆ, ಸದ್ದು ಹೊರಗೆ ಹೋಗಲ್ಲ, ಫೋನು ಕಚೇರಿ ಮೇಜಿನ ಮೇಲೆ. ತಕ್ಕಡಿ ಸರ್ ನನಗೆ ದಿನಾ ಸಂಜೆ ಕತೆ ಹೇಳ್ತಿದ್ರು. ಮೇಡಂ ಹೇಗೆ ಕಿಟಕಿಗೆ ಜಗಳ ಆಡಿದ್ರು, ಟೇಪು, ಎಲ್ಲ. ಫಲಕ ಬದಲಾಯಿಸಿ ಅಂದ್ರು. ನನಗೆ ಅಧಿಕಾರ ಇರಲಿಲ್ಲ. ಕದ್ದುಮುಚ್ಚಿ ಹೊಸದು ಕೆತ್ತಿಸಿದೆ. ಮೇಡಂ ಹೆಸರು ಹಾಕಿಸಿ. ಅದನ್ನ ತೋರಿಸೋಕೇ ಅವರು ಮೇಡಂನ ಕರೆದಿದ್ದು."

ಕ್ಯಾಬಿನ್ನಿನ ಬಾಗಿಲಲ್ಲಿ ಎರಡು ಪಾದ ಕಾಣಿಸಿಕೊಂಡವು. ಆಮೇಲೆ ಸೀರೆಯಂಚು. ಆಮೇಲೆ ಅತ್ತಿಗೆ, ನೆಲಕ್ಕೆ ಹಗುರವಾಗಿ ಇಳಿದು, ಯಾರ ಕೈಯನ್ನೂ ಹಿಡಿಯದೆ ನಿಂತರು.

"ಹೇಳು," ಎಂದ ಪತ್ತೇದಾರ. "ಮೊನ್ನೆ ಸಂಜೆ ಏನಾಯ್ತು?"

"ಒಳಗೆ ಕೂತು ಮಾತಾಡ್ತಿದ್ವಿ. ಹಾಲ್‌ನಲ್ಲಿ ಹೆಜ್ಜೆ ಸದ್ದು ಕೇಳಿಸ್ತು. ಸರ್ ಕಿಟಕಿಯಿಂದ ನೋಡಿ ಬಿಳಿಚಿಕೊಂಡ್ರು. ನನ್ನ ತೋಳು ಹಿಡಿದು ಮೂಲೆಗೆ ತಳ್ಳಿದ್ರು. 'ತವರಿಗೆ ಹೋಗು, ಪರದೆ ಎಳ್ಕೋ. ಹೆದರಬೇಡ, ಎಳೆದ ಪರದೆ ನಮ್ಮವರ್ಯಾರೂ ತೆಗೆಯಲ್ಲ' ಅಂದ್ರು."

"ನಮ್ಮವರು ಅಂದ್ರಾ?" ಪತ್ತೇದಾರನ ದನಿ ತಗ್ಗಿತು.

"ಹೌದು ಸರ್. ಬಂದವರು ಒಳಗೆ ಬಂದ್ರು. ಮಾತಾಡಲಿಲ್ಲ. ಸರ್ ಮಾತ್ರ 'ನೀನಾ' ಅಂದ್ರು. ಆಮೇಲೆ ನಕ್ಕ ಹಾಗಿತ್ತು, ಅತ್ತ ಹಾಗೂ ಇತ್ತು. ಆಮೇಲೆ ಧಪ್ ಅಂತ. ನನ್ನ ಶೂ ಕೆಳಗೆ ಕಾಣ್ತಿತ್ತು. ಅವರು ಪರದೆ ಮುಂದೆ ಬಂದು ನಿಂತ್ರು. ಉಸಿರು ಕೇಳಿಸ್ತಿತ್ತು. ಕೈ ಚಾಚಿದ್ರೆ ಸಾಕು. ಚಾಚಲಿಲ್ಲ. ಹೊರಗೆ ಹೋಗಿ ಚಿಲಕ ಹಾಕಿದ್ರು."

ಇನ್ಸ್‌ಪೆಕ್ಟರ್ ಟೋಪಿ ತಲೆಗಿಟ್ಟುಕೊಂಡು, ಅತ್ತಿಗೆಯ ಕಡೆ ನೋಡಿ ಕೆಮ್ಮಿದ. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ಬಂದಿದ್ದು ಬೆಳಿಗ್ಗೆ, ಇದು ಆಗಿದ್ದು ಹಿಂದಿನ ಸಂಜೆ. ಆ ಸಂಜೆ ನೀವು ಮೈದುನರ ಮನೇಲೇ ಇದ್ರಿ ಅಂತ ಸರ್ ಮೊದಲೇ ಹೇಳಿದಾರೆ. ವೈದ್ಯರು ಹೊತ್ತು ಖಚಿತವಾಗಿ ಹೇಳಿರಲಿಲ್ಲ, ಅದಕ್ಕೇ ನಿಮ್ಮ ತನಕ ಬಂತು. ಈಗ ಇವನ ಮಾತು ಸಿಕ್ತು. ವ್ಯಾನ್ ವಾಪಸ್ ಕಳಿಸ್ತೀನಿ. ನೀವು ಮನೆಗೆ ಹೋಗಬಹುದು."

ಅಣ್ಣ ಹೆಣವೂ ಸಿಗದ ಹಾಗೆ ಹೋದಮೇಲೆ ಆ ಮನೆಯಲ್ಲಿ ಪತ್ತೇದಾರನನ್ನು ಬೈಯಲು ಉಳಿದವರು ಇವರೊಬ್ಬರೇ. ಅವರನ್ನು ಕಂಬಿಯ ಹಿಂದೆ ನೋಡಬೇಕಾದೀತೆಂಬ ಭಯವನ್ನು ಅವನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. "ನಡೀರಿ ಅತ್ತಿಗೆ," ಎಂದ. "ಕಾಫಿ ಕುಡಿಯೋಣ."

ಅತ್ತಿಗೆಗೆ ಕೇಳಿಸಲಿಲ್ಲ. ಅವರು ನೆಲದಲ್ಲಿ ಕೂತ ಕ್ಯುರೇಟರನ ಹತ್ತಿರ ಹೋಗಿ, ಬಗ್ಗಿ, ತೀರಾ ಮೆಲ್ಲಗೆ ಕೇಳಿದರು.

"ಒಂದು ಹೇಳಪ್ಪಾ. ಬಂದವರು, ಹೊಡೆಯೋಕೆ ಮುಂಚೆ, ಬೇರೆ ಏನಾದ್ರೂ ಮಾಡಿದ ಸದ್ದು ಬಂತಾ?"

"ಇಲ್ಲ ಮೇಡಂ... ಹಾಂ. ಬಂತು. ಒಳಗೆ ಬಂದ ತಕ್ಷಣ. ಕಿರ್ ಕಿರ್ ಅಂತ. ಗಾಜು ಒರೆಸೋ ಥರ."

"ಎಷ್ಟು ಹೊತ್ತು?"

"ತುಂಬಾ ಹೊತ್ತು. ಸುತ್ತಲೂ, ಮೂಲೆಮೂಲೆ ಬಿಡದ ಹಾಗೆ. ಸರ್ ಪಕ್ಕದಲ್ಲೇ ಇದ್ದರೂ, ಅವರಿಗೆ ಅದು ಮುಗಿಯೋದೇ ಮುಖ್ಯ ಅನ್ನೋ ಥರ."

ಅತ್ತಿಗೆ ನೆಟ್ಟಗೆ ನಿಂತರು. ಅವರ ಮುಖದಲ್ಲಿ ಏನೋ ಬದಲಾಯಿತು. ಇಷ್ಟು ವರ್ಷದ ಪರಿಚಯದಲ್ಲಿ ಪತ್ತೇದಾರ ಕಂಡಿರದ ಮುಖ ಅದು. ಒಂದು ಕ್ಷಣ ಅವರು ಟೇಪಿನೊಳಗೆ ಗಂಡನ ಜೊತೆ ಜಗಳವಾಡುತ್ತಿದ್ದ ಪ್ರಾಯದ ಹೆಂಗಸಿನಂತೆ ಕಂಡರು.

ಆಮೇಲೆ ಅವರು ಇನ್ಸ್‌ಪೆಕ್ಟರನ ಮುಂದೆ ಹೋಗಿ ಎರಡೂ ಕೈ ಚಾಚಿದರು.

"ಬರ್ಕೊಳಪ್ಪಾ. ಹೊಡೆದಿದ್ದು ನಾನೇ."

"ಅಮ್ಮಾ!" ಇನ್ಸ್‌ಪೆಕ್ಟರ್ ಕಕ್ಕಾಬಿಕ್ಕಿಯಾದ. "ಈಗ ತಾನೇ ನಿಮ್ಮನ್ನ ಬಿಟ್ಟಿದೀನಿ!"

"ನೀನು ಆತುರಪಟ್ಟೆ. ಈಗ ಹಿಡ್ಕೋ. ಸಂಜೆ ಬಂದಿದ್ದೆ, ಹೊಡೆದೆ, ಚಿಲಕ ಹಾಕಿದೆ. ಮೈದುನ ಸುಳ್ಳು ಹೇಳಿದಾನೆ, ನನ್ನ ಮೇಲಿನ ಪ್ರೀತಿಗೆ. ಎಲ್ಲಿ ಸಹಿ ಹಾಕಬೇಕು?"

"ಅತ್ತಿಗೆ, ಏನು ಹುಚ್ಚು ಇದು?" ಪತ್ತೇದಾರ ಅವರ ತೋಳು ಹಿಡಿದ. "ಅವತ್ತು ಸಂಜೆ ನೀವು ನನ್ನೆದುರಿಗೇ ಕೂತು ನನ್ನ ಅಡಿಗೆಗೆ ಹೆಸರಿಡ್ತಿದ್ರಿ! ಯಾರನ್ನ ಕಾಪಾಡ್ತಿದೀರಿ?"

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಅತ್ತಿಗೆ ಅವನ ಕಿವಿಯ ಹತ್ತಿರ ಬಾಯಿ ತಂದರು. ಅವರ ದನಿಯಲ್ಲಿ ಭಯ ಇರಲಿಲ್ಲ. ಇದ್ದದ್ದು ಸಂತೋಷ, ತಡೆಯಲಾರದ, ನಾಚಿಕೆಗೆಟ್ಟ ಸಂತೋಷ.

"ಬದುಕಿದ್ದಾರೆ ಕಣೋ," ಎಂದರು.